ಕೊಂಬು ಮುರಿಯುವ ಶಾಸ್ತ್ರ

ಕ್ರಿ.ಶ. 533ರ ಡಿಸೆಂಬರ್ 16ರಂದು ಪೂರ್ವ ರೋಮನ್ ಚಕ್ರವರ್ತಿ ಜಸ್ಟಿನಿಯನ್ ತನ್ನ ರಾಜ್ಯದ ಎಂಟು ಮಂದಿ ಕಾನೂನು ಅಧ್ಯಾಪಕರ ಹೆಸರಿಗೆ ಒಂದು ಆಜ್ಞಾಪತ್ರ ಹೊರಡಿಸಿದ. ಶತಮಾನಗಳ ರೋಮನ್ ಕಾನೂನನ್ನೆಲ್ಲ ಒಟ್ಟುಗೂಡಿಸುವ ಅವನ ದೊಡ್ಡ ಕೆಲಸ ಆಗಷ್ಟೇ ಒಂದು ಹಂತಕ್ಕೆ ಬಂದಿತ್ತು. ಮೊದಲ ವರ್ಷ ಏನು ಓದಿಸಬೇಕು, ಎರಡನೆಯ ವರ್ಷ ಏನು ಎಂದು ಐದು ವರ್ಷಗಳ ಪಠ್ಯಕ್ರಮ ಗೊತ್ತುಮಾಡುವುದು ಆ ಪತ್ರದ ಉದ್ದೇಶ. ಆದರೆ ಕೊನೆಯ ಭಾಗದಲ್ಲಿ ಚಕ್ರವರ್ತಿ ಪಠ್ಯವನ್ನು ಬಿಟ್ಟು ವಿದ್ಯಾರ್ಥಿಗಳ ನಡತೆಗೆ ಬರುತ್ತಾನೆ. ಕಾನ್‌ಸ್ಟಾಂಟಿನೋಪಲ್ ಆಗಲಿ, ಇಂದಿನ ಬೈರೂತ್ ಆದ ಬೆರಿಟಸ್ ಆಗಲಿ, ಕಾನೂನು ಕಲಿಯುವವರು ಅಧ್ಯಾಪಕರ ಮೇಲೆ, ಸಹಪಾಠಿಗಳ ಮೇಲೆ, ಅದರಲ್ಲೂ ಏನೂ ಅರಿಯದೆ ಹೊಸದಾಗಿ ಬಂದವರ ಮೇಲೆ ಕೀಳು ಚೇಷ್ಟೆಗಳನ್ನು ನಡೆಸಕೂಡದು ಎಂದು ಅವನ ಕಟ್ಟಪ್ಪಣೆ. ಅಪರಾಧವನ್ನು ಹುಟ್ಟಿಸುವ ಆಟವನ್ನು ಆಟ ಎನ್ನಲಾದೀತೆ ಎಂಬುದು ಅವನ ಪ್ರಶ್ನೆ.

ಹೊಸಬರನ್ನು ಗೋಳು ಹೊಯ್ದುಕೊಳ್ಳುವುದಕ್ಕೆ ಹೊರಡಿಸಿದ ನಿಷೇಧಗಳಲ್ಲಿ ಇದು ಬಹಳ ಹಳೆಯದು. ಇಂದು ಭಾರತದ ಕಾಲೇಜುಗಳಲ್ಲಿ ಪ್ರವೇಶ ಪಡೆಯುವ ಪ್ರತಿ ವಿದ್ಯಾರ್ಥಿಯೂ ಸಹಿ ಹಾಕುವ ಮುಚ್ಚಳಿಕೆ ಇದರ ದೂರದ ಸಂತತಿ. ನಡುವೆ ಸುಮಾರು ಒಂದೂವರೆ ಸಾವಿರ ವರ್ಷ. ಅಷ್ಟು ಕಾಲದಿಂದ ನಿಷಿದ್ಧವಾಗಿರುವ ಒಂದು ಪದ್ಧತಿ ಇನ್ನೂ ಉಳಿದುಕೊಂಡಿದೆ ಎಂದರೆ, ನಿಷೇಧ ಒಂದರಿಂದಲೇ ಅದು ಹೋಗುವಂಥದ್ದಲ್ಲ. ಹಾಗಾದರೆ ಎಲ್ಲಿ ಕಡಿಮೆಯಾಯಿತು, ಯಾಕೆ ಕಡಿಮೆಯಾಯಿತು? ಈ ಚರಿತ್ರೆಯನ್ನು ತಿರುವಿದಾಗ ಒಂದು ಸಂಗತಿ ಮತ್ತೆಮತ್ತೆ ಎದುರಾಗುತ್ತದೆ. ಮಾಡಿದವನಿಗೆ ಏನು ಶಿಕ್ಷೆ ಎಂಬುದಕ್ಕಿಂತ, ನಡೆಯಲು ಬಿಟ್ಟವನು ಯಾರಿಗೆ ಉತ್ತರ ಹೇಳಬೇಕು ಎಂಬ ಪ್ರಶ್ನೆಯೇ ಹೆಚ್ಚಿನ ಫಲ ಕೊಟ್ಟಿದೆ.

ಜಸ್ಟಿನಿಯನ್ ಇದನ್ನು ಅರ್ಥಮಾಡಿಕೊಂಡಿದ್ದ. ನಿಷೇಧ ಹೇರಿ ಅವನು ಸುಮ್ಮನಾಗಲಿಲ್ಲ. ರಾಜಧಾನಿಯಲ್ಲಿ ಇದನ್ನು ನೋಡಿಕೊಳ್ಳುವ ಹೊಣೆ ನಗರಾಧಿಕಾರಿಯದು. ಬೆರಿಟಸ್‌ನಲ್ಲಿ ಪ್ರಾಂತ್ಯದ ಆಡಳಿತಗಾರ, ಆ ಊರಿನ ಬಿಷಪ್ ಮತ್ತು ಕಾನೂನು ಅಧ್ಯಾಪಕರದು ಎಂದು ಬಿಡಿಸಿ ಹೇಳಿದ. ಅದೇ ಪತ್ರದಲ್ಲಿ ಇನ್ನೊಂದು ಚಿಕ್ಕ ಬದಲಾವಣೆಯೂ ಇದೆ. ಮೊದಲ ವರ್ಷದ ವಿದ್ಯಾರ್ಥಿಗಳನ್ನು ಆಗ 'ಡುಪಾಂಡಿ' ಎಂದು ಕರೆಯುತ್ತಿದ್ದರು. ಎರಡು ಕಾಸಿನವರು ಎಂದು ಅರ್ಥ. ಆ ಹೆಸರು ಹಗುರವಾದದ್ದು, ನಗೆಗೀಡುಮಾಡುವಂಥದ್ದು, ಇನ್ನು ಮುಂದೆ ಅವರನ್ನು 'ಹೊಸ ಜಸ್ಟಿನಿಯನರು' ಎಂದು ಕರೆಯತಕ್ಕದ್ದು ಎಂದು ಚಕ್ರವರ್ತಿ ತನ್ನ ಹೆಸರನ್ನೇ ಅವರಿಗೆ ಕೊಟ್ಟ.

ಅಥೆನ್ಸಿನ ಸ್ನಾನಗೃಹ, ಕಾರ್ಥೇಜಿನ ನಾಚಿಕೆ

ಜಸ್ಟಿನಿಯನ್‌ಗಿಂತ ಎರಡು ಶತಮಾನ ಹಿಂದೆಯೇ ಈ ಪದ್ಧತಿಯನ್ನು ಕಣ್ಣಾರೆ ಕಂಡ ಇಬ್ಬರು ಅದನ್ನು ಬರೆದಿಟ್ಟಿದ್ದಾರೆ. ಒಬ್ಬ ನಾಜಿಯಾಂಜಸ್‌ನ ಗ್ರೆಗರಿ. ಅವನು ಅಥೆನ್ಸಿನಲ್ಲಿ ಓದುತ್ತಿದ್ದ ಕಾಲಕ್ಕೆ ಹೊಸ ವಿದ್ಯಾರ್ಥಿ ಊರಿಗೆ ಕಾಲಿಟ್ಟೊಡನೆ ಹಳಬರ ಗುಂಪು ಅವನನ್ನು ಸುತ್ತುಗಟ್ಟಿ, ಮಾತಿನಲ್ಲಿ ಕೆಣಕಿ, ಆಮೇಲೆ ಪೇಟೆಯ ನಡುವೆ ಮೆರವಣಿಗೆಯಲ್ಲಿ ಸ್ನಾನಗೃಹಕ್ಕೆ ಕರೆದೊಯ್ಯುತ್ತಿತ್ತು. ಬಾಗಿಲ ಬಳಿ ಬಂದಾಗ ಕೂಗಾಟ, ಕುಣಿದಾಟ, ಬಾಗಿಲು ಬಡಿದು ಹೆದರಿಸುವುದು. ಒಳಗೆ ಹೋಗಿ ಹೊರಗೆ ಬಂದ ಮೇಲೆ ಅವನೂ ತಮ್ಮವನೇ. ಹೊಸಬರ ಜಂಬವನ್ನು ಇಳಿಸಿ ಮೊದಲ ದಿನವೇ ಅವರನ್ನು ಹದ್ದುಬಸ್ತಿಗೆ ತರುವುದು ಇದರ ಉದ್ದೇಶವಿರಬೇಕು ಎಂದು ಗ್ರೆಗರಿ ಬರೆಯುತ್ತಾನೆ. ಅವನ ಗೆಳೆಯ ಬೇಸಿಲ್ ಅಥೆನ್ಸಿಗೆ ಬಂದಾಗ, ಮೊದಲೇ ಬಂದಿದ್ದ ಗ್ರೆಗರಿ ಉಳಿದವರ ಮನ ಒಲಿಸಿ ಬೇಸಿಲ್‌ನನ್ನು ಈ ಶಾಸ್ತ್ರದಿಂದ ಬಿಡಿಸಿದ. ಇಬ್ಬರೂ ಮುಂದೆ ಕ್ರೈಸ್ತ ಧರ್ಮದ ದೊಡ್ಡ ಸಂತರಾದರು. ಅವರ ಸ್ನೇಹ ಗಟ್ಟಿಯಾದದ್ದು ಆ ದಿನಗಳಲ್ಲೇ ಎಂದು ಗ್ರೆಗರಿಯೇ ನೆನೆಯುತ್ತಾನೆ. ಎಲ್ಲರೂ ಮಾಡುತ್ತಿದ್ದುದನ್ನು ಒಬ್ಬ ಹಿರಿಯ ವಿದ್ಯಾರ್ಥಿ ಬೇಡವೆಂದ. ಅಷ್ಟರಿಂದಲೇ ಅದು ನಿಂತಿತು.

ಇನ್ನೊಬ್ಬ ಅಗಸ್ಟೀನ್. ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಓದುತ್ತಿದ್ದಾಗ ಅಲ್ಲೊಂದು ಪುಂಡ ಹುಡುಗರ ಗುಂಪಿತ್ತು. 'ಬುಡಮೇಲು ಮಾಡುವವರು' ಎಂದೇ ಅವರ ಹೆಸರು. ಸಂಕೋಚದಿಂದ ಮುದುಡಿಕೊಂಡ ಹೊಸಬರನ್ನು ಹುಡುಕಿ ಕಾರಣವಿಲ್ಲದೆ ಕಾಡುವುದು ಅವರಿಗೆ ಸಂತೋಷ. ತನ್ನ ಆತ್ಮಕಥೆಯಲ್ಲಿ ಅಗಸ್ಟೀನ್ ಹೇಳುವ ಮಾತು ಇಂದಿಗೂ ಮುಖ್ಯವಾಗುವುದು ಅವನ ಪ್ರಾಮಾಣಿಕತೆಯಿಂದ. ತಾನು ಆ ಕೆಲಸ ಮಾಡಲಿಲ್ಲ, ಅದು ಹೇಸಿಗೆಯೆನಿಸುತ್ತಿತ್ತು. ಆದರೂ ತಾನು ಅವರ ಜೊತೆಯಲ್ಲೇ ಇರುತ್ತಿದ್ದೆ, ಅವರ ಗೆಳೆತನ ಕೆಲವೊಮ್ಮೆ ಹಿತವಾಗಿತ್ತು, ಅವರಂತಾಗಲಿಲ್ಲ ಎಂದು ಒಳಗೊಳಗೇ ನಾಚಿಕೆಯೂ ಆಗುತ್ತಿತ್ತು ಎನ್ನುತ್ತಾನೆ. ಹಾಸ್ಟೆಲಿನ ಯಾವುದೇ ಕೋಣೆಯಲ್ಲಿ ಹೊಸಬನೊಬ್ಬನನ್ನು ನಿಲ್ಲಿಸಿಕೊಂಡು ನಾಲ್ವರು ಕಾಡುವಾಗ ಗೋಡೆಗೆ ಒರಗಿ ನಗುತ್ತ ನಿಂತಿರುವ ಹತ್ತು ಮಂದಿಯ ಮನಸ್ಸು ಇದೇ.

ಗ್ರೆಗರಿ ನೋಡುತ್ತ ನಿಲ್ಲಲಿಲ್ಲ, ಅಗಸ್ಟೀನ್ ನಿಂತ. ಹೊಸಬನ ಪಾಲಿಗೆ ಆ ವ್ಯತ್ಯಾಸವೇ ಎಲ್ಲ.

ಹಳದಿ ಕೊಕ್ಕಿನವರು

ಮಧ್ಯಯುಗದಲ್ಲಿ ಯೂರೋಪಿನ ವಿಶ್ವವಿದ್ಯಾಲಯಗಳು ಬೆಳೆದಂತೆ ಈ ಚೇಷ್ಟೆ ಒಂದು ವಿಧಿಯ ರೂಪ ಪಡೆಯಿತು. ಪ್ಯಾರಿಸ್ಸಿನಲ್ಲಿ ಹೊಸ ವಿದ್ಯಾರ್ಥಿಗೆ 'ಬೇಜೋನಸ್' ಎಂದು ಹೆಸರು. 'ಹಳದಿ ಕೊಕ್ಕು' ಎಂಬ ಫ್ರೆಂಚ್ ಮಾತಿನಿಂದ ಬಂದದ್ದು. ಗೂಡಿನಿಂದ ಆಗಷ್ಟೇ ಹೊರಬಿದ್ದ ಮರಿ ಎಂದು ಸೂಚನೆ. ಹಳಬರಿಗೆಲ್ಲ ಊಟ ಹಾಕಿಸಿ, ಹಣ ತೆತ್ತ ಮೇಲೆ ಅವನಿಗೆ ಗುಂಪಿನಲ್ಲಿ ಜಾಗ. ಬಡ ಹುಡುಗರಿಂದ ಪುಸ್ತಕ, ಬಟ್ಟೆ ಕಿತ್ತುಕೊಳ್ಳುವ ಮಟ್ಟಕ್ಕೆ ಇದು ಹೋದಾಗ ಹದಿನಾಲ್ಕನೆಯ ಶತಮಾನದಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯ ಇದರ ವಿರುದ್ಧ ಕಟ್ಟಳೆ ಮಾಡಬೇಕಾಯಿತು.

ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ ಇದು ಇನ್ನೂ ವಿಸ್ತಾರವಾಗಿ ನಡೆಯುತ್ತಿತ್ತು. ಕನ್ನಡದಲ್ಲಿ ಜಂಬದವನನ್ನು ಕಂಡರೆ 'ಅವನಿಗೇನು ಕೊಂಬು ಬಂದಿದೆಯೆ' ಎನ್ನುತ್ತಾರೆ. ಜರ್ಮನ್ ವಿದ್ಯಾರ್ಥಿಗಳು ಆ ಮಾತನ್ನು ಅಕ್ಷರಶಃ ಮಾಡಿ ತೋರಿಸುತ್ತಿದ್ದರು. ಹೊಸಬನ ತಲೆಗೆ ಕೊಂಬುಳ್ಳ ಟೋಪಿ, ಬಾಯಿಗೆ ಕೋರೆಹಲ್ಲು. ಅವನು ಮನುಷ್ಯನಲ್ಲ, ಕಾಡುಪ್ರಾಣಿ. ಆಮೇಲೆ ಗರಗಸದಿಂದ ಕೊಂಬು ಕತ್ತರಿಸುವುದು, ಇಕ್ಕಳದಿಂದ ಹಲ್ಲು ಕೀಳುವುದು, ಬಡಗಿಯ ಉಜ್ಜುಗೊರಡಿನಿಂದ ಮೈ ಹೆರೆಯುವುದು. ಕೊನೆಗೆ ಬಾಯಿಗೆ ಉಪ್ಪು, ತಲೆಗೆ ದ್ರಾಕ್ಷಾರಸ; ಮೃಗ ಮನುಷ್ಯನಾದ, ವಿದ್ಯಾರ್ಥಿಯಾದ. ಇದರ ಹೆಸರೇ 'ಕೊಂಬು ಇಳಿಸುವುದು'. ಹದಿನೈದನೆಯ ಶತಮಾನದ ಕೊನೆಗೆ ವಿದ್ಯಾರ್ಥಿಗಳಿಗೆ ಲ್ಯಾಟಿನ್ ಸಂಭಾಷಣೆ ಕಲಿಸಲು ಅಚ್ಚಾದ ಒಂದು ಕೈಪಿಡಿಯಲ್ಲಿ ಇದರ ಪೂರ್ತಿ ವರ್ಣನೆ ಇದೆ. ವಿಶ್ವವಿದ್ಯಾಲಯಗಳೇ ಇದನ್ನು ಒಪ್ಪಿಕೊಂಡು ಶುಲ್ಕ ಗೊತ್ತುಮಾಡಿದ್ದವು. ವಿಟೆನ್‌ಬರ್ಗಿನಲ್ಲಿ ಮಾರ್ಟಿನ್ ಲೂಥರ್ ಕೂಡ ಇದರಲ್ಲಿ ಪಾಲ್ಗೊಂಡು, ಮುಂದೆ ಬದುಕಿನಲ್ಲಿ ಬರುವ ಕಷ್ಟಗಳಿಗೆ ಇದೊಂದು ಸಂಕೇತವೆಂದು ಹುಡುಗರಿಗೆ ಹೇಳುತ್ತಿದ್ದ.

ಸಂಕೇತ ಸಂಕೇತವಾಗಿ ಉಳಿಯಲಿಲ್ಲ. ಹದಿನೇಳನೆಯ ಶತಮಾನದ ಹೊತ್ತಿಗೆ ಒಂದು ದಿನದ ಶಾಸ್ತ್ರ ಒಂದು ವರ್ಷದ ಜೀತವಾಗಿತ್ತು. ಹೊಸಬ ಹಳಬನ ಬೂಟು ಒರೆಸಬೇಕು, ಅವನ ಕುಡಿತಕ್ಕೆ ದುಡ್ಡು ಕೊಡಬೇಕು, ಒಳ್ಳೆಯ ಬಟ್ಟೆ ಬಿಚ್ಚಿಕೊಟ್ಟು ಹರಕು ತೊಡಬೇಕು. ವಿಶ್ವವಿದ್ಯಾಲಯಗಳು ಒಂದಾದ ಮೇಲೊಂದು ನಿಷೇಧ ಹೊರಡಿಸಿದವು. ಹೊರಹಾಕಿದ ವಿದ್ಯಾರ್ಥಿ ಪಕ್ಕದ ಊರಿನ ವಿಶ್ವವಿದ್ಯಾಲಯಕ್ಕೆ ಹೋಗಿ ಸೇರಿಕೊಳ್ಳುತ್ತಿದ್ದ. ವಿದ್ಯಾರ್ಥಿ ಹೋದರೆ ಅವನ ಶುಲ್ಕವೂ ಹೋಗುತ್ತದೆ ಎಂಬ ಅಂಜಿಕೆ ಎಲ್ಲ ಕಡೆಯೂ ಇತ್ತು. ಆ ಶತಮಾನದ ನಡುವಿನ ದಶಕಗಳಲ್ಲಿ ಪ್ರೊಟೆಸ್ಟೆಂಟ್ ವಿಶ್ವವಿದ್ಯಾಲಯಗಳು ಒಟ್ಟಾಗಿ, ಒಂದು ಕಡೆ ಹೊರಬಿದ್ದವನನ್ನು ಇನ್ನೊಂದು ಕಡೆ ಸೇರಿಸಿಕೊಳ್ಳುವುದಿಲ್ಲ ಎಂದು ಒಪ್ಪಂದ ಮಾಡಿಕೊಂಡ ಮೇಲೆಯೇ ಆ ಜೀತ ಇಳಿಮುಖವಾಯಿತು. ವಿದ್ಯಾರ್ಥಿಗಳ ಸ್ವಭಾವ ರಾತ್ರೋರಾತ್ರಿ ಬದಲಾಗಿರಲಿಲ್ಲ. ಕಣ್ಣು ಮುಚ್ಚಿ ಕುಳಿತಿರುವುದರಲ್ಲಿ ಸಂಸ್ಥೆಗಳಿಗಿದ್ದ ಲಾಭ ಹೋಯಿತು, ಅಷ್ಟೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ

ಭಾರತಕ್ಕೆ ಈ ಪದ್ಧತಿಯ ಹೆಸರು ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿನ ಪ್ರತಿಷ್ಠಿತ ವಸತಿಶಾಲೆಗಳಲ್ಲಿ ಕಿರಿಯ ಹುಡುಗ ಹಿರಿಯನ ಚಾಕರಿ ಮಾಡುವುದು ಶಾಲೆಯೇ ಒಪ್ಪಿದ ಏರ್ಪಾಡಾಗಿತ್ತು. ರಗ್ಬಿ ಶಾಲೆಯ ಬದುಕನ್ನು ಕುರಿತು ಥಾಮಸ್ ಹ್ಯೂಸ್ 1857ರಲ್ಲಿ ಪ್ರಕಟಿಸಿದ 'ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್' ಕಾದಂಬರಿ ಅದನ್ನೂ, ಅದು ಹೇಗೆ ಹಿಂಸೆಗೆ ತಿರುಗುತ್ತದೆ ಎಂಬುದನ್ನೂ ತೋರಿಸಿತು. 'ರ‍್ಯಾಗಿಂಗ್' ಅಲ್ಲಿನ ವಿದ್ಯಾರ್ಥಿಗಳ ಆಡುಮಾತು. ಆ ಪದದ ಬೇರು ಇಂದು ಬ್ರಿಟನ್ನಿನಲ್ಲಿ ವಿದ್ಯಾರ್ಥಿಗಳು ದಾನಧರ್ಮಕ್ಕಾಗಿ ಹಣ ಎತ್ತುವ 'ರ‍್ಯಾಗ್ ವೀಕ್' ಎಂಬ ಹೆಸರಿನಲ್ಲಿ ಉಳಿದಿದೆ. ಹಿಂಸೆಯ ಅರ್ಥದಲ್ಲಿ ಬಳಕೆಯಾಗುತ್ತಿರುವುದು ಭಾರತ, ಶ್ರೀಲಂಕಾದಂಥ ದೇಶಗಳಲ್ಲಿ.

ಇದೇ ಕಾಲದಲ್ಲಿ ಅಮೆರಿಕದ ಸೈನಿಕ ಅಕಾಡೆಮಿಗಳಲ್ಲೂ ಇದು ಬೇರೂರಿತ್ತು. ವೆಸ್ಟ್ ಪಾಯಿಂಟ್ ಅಕಾಡೆಮಿಯನ್ನು ಕೆಲವೇ ತಿಂಗಳಲ್ಲಿ ಬಿಟ್ಟುಹೋಗಿದ್ದ ಒಬ್ಬ ತರುಣ 1900ರ ಡಿಸೆಂಬರಿನಲ್ಲಿ ತೀರಿಕೊಂಡ. ಅಲ್ಲಿ ಅವನಿಗೆ ಕೊಟ್ಟ ಹಿಂಸೆಯೇ ಕಾರಣವೆಂದು ಮನೆಯವರು ದೂರಿದರು. ಅಮೆರಿಕದ ಸಂಸತ್ತು ವಿಚಾರಣೆಗೆ ಕುಳಿತಿತು. ಸಾಕ್ಷಿ ಹೇಳಲು ಬಂದವರಲ್ಲಿ ಡಗ್ಲಸ್ ಮೆಕ್‌ಆರ್ಥರ್ ಎಂಬ ಕೆಡೆಟ್ ಒಬ್ಬ. ಅವನನ್ನೂ ಹಿರಿಯರು ಪ್ರಜ್ಞೆ ತಪ್ಪುವ ಮಟ್ಟಕ್ಕೆ ದಣಿಸಿದ್ದರು. ಆದರೂ ಅವನು ತನಗಾದದ್ದನ್ನು ಹಗುರ ಮಾಡಿ ಹೇಳಿದ, ಹೆಸರು ಹೇಳುವುದನ್ನು ಆದಷ್ಟೂ ತಪ್ಪಿಸಿದ. ಜೊತೆಯವರನ್ನು ಬಿಟ್ಟುಕೊಡಬಾರದು ಎಂಬುದು ಅಲ್ಲಿನ ಅಲಿಖಿತ ನಿಯಮ.

ಅದೇ ಮೆಕ್‌ಆರ್ಥರ್ ಮೊದಲ ಮಹಾಯುದ್ಧ ಮುಗಿಸಿ 1919ರಲ್ಲಿ ವೆಸ್ಟ್ ಪಾಯಿಂಟಿಗೆ ಮುಖ್ಯಸ್ಥನಾಗಿ ಬಂದ. ಹೊಸ ಕೆಡೆಟ್‌ಗಳ ಮೊದಲ ಬೇಸಿಗೆಯ ತರಬೇತಿಯನ್ನು ಹಿರಿಯ ವಿದ್ಯಾರ್ಥಿಗಳ ಕೈಯಿಂದ ತೆಗೆದು ಸೇನೆಯ ಅಧಿಕಾರಿಗಳಿಗೆ ವಹಿಸಿದ. ನಿಷೇಧದ ಕಾನೂನು ಅದಕ್ಕೂ ಮೊದಲೇ ಇತ್ತು. ಅವನು ಬದಲಿಸಿದ್ದು ಹೊಸಬ ಯಾರ ಕೈಗೆ ಬೀಳುತ್ತಾನೆ ಎಂಬುದನ್ನು. ಇದಕ್ಕೆ ಹಳೆಯ ವಿದ್ಯಾರ್ಥಿಗಳ, ಅಧ್ಯಾಪಕರ ವಿರೋಧ ಬಂತು. 1922ರಲ್ಲಿ ಅವನು ಅಲ್ಲಿಂದ ಹೊರಟ ಮೇಲೆ ಬಂದವನು ಸುಧಾರಣೆಗಳಲ್ಲಿ ಹಲವನ್ನು ಹಿಂದಕ್ಕೆ ತೆಗೆದ.

ನೊಂದವರೇ ಇದನ್ನು ಕಾಪಾಡಿಕೊಂಡು ಬರುವುದೇಕೆ? 1959ರಲ್ಲಿ ಎಲಿಯಟ್ ಆರನ್ಸನ್ ಮತ್ತು ಜಡ್ಸನ್ ಮಿಲ್ಸ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. 63 ಕಾಲೇಜು ವಿದ್ಯಾರ್ಥಿನಿಯರಿಗೆ ಒಂದು ಚರ್ಚಾಗುಂಪಿಗೆ ಸೇರಿಸಿಕೊಳ್ಳುವುದಾಗಿ ಹೇಳಿದರು. ಕೆಲವರು ಸೇರುವ ಮೊದಲು ಅಶ್ಲೀಲ ಮಾತುಗಳನ್ನು ಗಟ್ಟಿಯಾಗಿ ಓದಿ ಮುಜುಗರಪಡಬೇಕಾಯಿತು. ಕೆಲವರಿಗೆ ಅದು ಸೌಮ್ಯವಾಗಿತ್ತು. ಉಳಿದವರಿಗೆ ಇರಲೇ ಇಲ್ಲ. ಆಮೇಲೆ ಎಲ್ಲರಿಗೂ ಕೇಳಿಸಿದ್ದು ಒಂದೇ ಚರ್ಚೆ, ಬೇಕೆಂದೇ ಸಪ್ಪೆಯಾಗಿ ಮಾಡಿದ್ದು. ಹೆಚ್ಚು ಮುಜುಗರಪಟ್ಟವರೇ ಆ ಚರ್ಚೆಯನ್ನೂ ಗುಂಪನ್ನೂ ಹೆಚ್ಚು ಮೆಚ್ಚಿದರು. ಇಷ್ಟು ಕಷ್ಟಪಟ್ಟು ಸೇರಿದ್ದು ಬರಿದೇ ಎಂದು ಒಪ್ಪಿಕೊಳ್ಳುವುದಕ್ಕಿಂತ ಅದಕ್ಕೊಂದು ಬೆಲೆ ಕಟ್ಟಿಕೊಳ್ಳುವುದು ಮನಸ್ಸಿಗೆ ಸುಲಭ.

'ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ' ಎಂಬ ಗಾದೆ ಹುಟ್ಟಿದ್ದು ಇದೇ ತಿಳಿವಳಿಕೆಯಿಂದ. ಸೊಸೆಯಾಗಿ ಅತ್ತೆಯ ಕೈಯಲ್ಲಿ ನೊಂದವಳು ತಾನು ಅತ್ತೆಯಾದಾಗ ಸೊಸೆಯ ಕಷ್ಟವನ್ನು ಎಲ್ಲರಿಗಿಂತ ಚೆನ್ನಾಗಿ ಅರಿಯಬೇಕಿತ್ತು. ಅರಿತಿರುತ್ತಾಳೆ ಕೂಡ. ಆದರೆ ಸೊಸೆಯನ್ನು ಬಿಟ್ಟುಬಿಟ್ಟರೆ ತಾನು ಪಟ್ಟದ್ದಕ್ಕೆ ಲೆಕ್ಕವೇ ಇಲ್ಲವಾಗುತ್ತದೆ. ಎರಡನೆಯ ವರ್ಷದ ವಿದ್ಯಾರ್ಥಿಯೇ ಮೊದಲ ವರ್ಷದವನನ್ನು ಹೆಚ್ಚು ಕಾಡುವುದರ ಗುಟ್ಟು ಇದು. 'ನಾವೂ ಇದನ್ನು ದಾಟಿಯೇ ಬಂದವರು, ನಮಗೇನಾಯಿತು' ಎಂಬ ಮಾತು ಎಲ್ಲ ಕಾಲೇಜುಗಳಲ್ಲೂ ಕೇಳುತ್ತದೆ. ದಾಟಲಾಗದೆ ಹೋದವರು ಆ ಮಾತಿಗೆ ಉತ್ತರ ಹೇಳಲು ಅಲ್ಲಿರುವುದಿಲ್ಲ.

ಎರಡು ಸಾವು, ಹಲವು ಕಾಯ್ದೆ

ಸ್ವತಂತ್ರ ಭಾರತದಲ್ಲಿ ಈ ಪದ್ಧತಿ ಗಟ್ಟಿಯಾಗಿ ನೆಲೆಯೂರಿದ್ದು ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲುಗಳಲ್ಲಿ. ಬಹುಕಾಲ ಅದು ಪತ್ರಿಕೆಗಳ ಒಳಪುಟದ ಸುದ್ದಿ, ಮನೆಗಳಲ್ಲಿ ನಕ್ಕು ಹೇಳುವ ಕಥೆ. ಅದು ಬದಲಾದದ್ದು 1996ರ ನವೆಂಬರಿನಲ್ಲಿ. ಚಿದಂಬರದ ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ವೈದ್ಯಕೀಯ ಓದುತ್ತಿದ್ದ ಪೊನ್ ನವರಸು ಹಿರಿಯ ವಿದ್ಯಾರ್ಥಿಯೊಬ್ಬನ ಕೈಯಲ್ಲಿ ಕೊಲೆಯಾದ. ಅವನ ತಂದೆ ಮದ್ರಾಸ್ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಒಬ್ಬ ಕುಲಪತಿಯ ಮಗನಿಗೇ ವಿಶ್ವವಿದ್ಯಾಲಯದಲ್ಲಿ ರಕ್ಷಣೆ ಇಲ್ಲವೆಂಬುದು ತಮಿಳುನಾಡನ್ನು ನಡುಗಿಸಿತು. ಆ ವರ್ಷವೇ ಸುಗ್ರೀವಾಜ್ಞೆ ಬಂತು, 1997ರಲ್ಲಿ ಅದು ಕಾಯ್ದೆಯಾಯಿತು. ಕೊಲೆಯ ಮೊಕದ್ದಮೆ ಮಾತ್ರ ಹದಿನೈದು ವರ್ಷ ಎಳೆಯಿತು: 1998ರಲ್ಲಿ ಕಡಲೂರಿನ ನ್ಯಾಯಾಲಯದಲ್ಲಿ ಶಿಕ್ಷೆ, 2001ರಲ್ಲಿ ಹೈಕೋರ್ಟಿನಲ್ಲಿ ಬಿಡುಗಡೆ, 2011ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಶಿಕ್ಷೆಯನ್ನು ಎತ್ತಿಹಿಡಿಯಿತು.

ತಮಿಳುನಾಡಿನ ಹಿಂದೆಯೇ ಬೇರೆ ರಾಜ್ಯಗಳೂ ಹೊರಟವು. ಆಗ ಹೈದರಾಬಾದನ್ನೂ ಒಳಗೊಂಡಿದ್ದ ಆಂಧ್ರಪ್ರದೇಶ 1997ರಲ್ಲಿ, ಕೇರಳ 1998ರಲ್ಲಿ, ಮಹಾರಾಷ್ಟ್ರ 1999ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿದವು. ಕರ್ನಾಟಕದಲ್ಲಿ ಪ್ರತ್ಯೇಕ ಕಾಯ್ದೆಯ ಬದಲು 1983ರ ಶಿಕ್ಷಣ ಕಾಯ್ದೆಯ ಒಳಗೇ ರ‍್ಯಾಗಿಂಗ್‌ಗೆ ವ್ಯಾಖ್ಯೆ ಇದೆ, ಒಂದು ವರ್ಷದವರೆಗಿನ ಸೆರೆವಾಸ ಅಥವಾ 2,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸುವ ಅವಕಾಶವಿದೆ. ಆ ಕಾಯ್ದೆ ಜಾರಿಗೆ ಬಂದದ್ದು 1995ರಲ್ಲಿ. ಅದರ ವ್ಯಾಖ್ಯೆಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ವಿದ್ಯಾರ್ಥಿಯ ಮಾನವ ಘನತೆಗೆ ಕುಂದು ತರುವ, ಅವನನ್ನು ನಗೆಪಾಟಲಿಗೆ ಈಡುಮಾಡುವ ಕೆಲಸವನ್ನು ಅವನಿಂದ ಒತ್ತಾಯದಿಂದ ಮಾಡಿಸುವುದು, ಅದು ತಮಾಷೆಗಾಗಲಿ ಬೇರೆ ರೀತಿಯಲ್ಲಾಗಲಿ, ರ‍್ಯಾಗಿಂಗ್ ಎನಿಸುತ್ತದೆ. 'ತಮಾಷೆಗೆ ಮಾಡಿದ್ದು' ಎಂಬ ಸಬೂಬಿಗೆ ಕಾನೂನು ಮೊದಲೇ ಬಾಗಿಲು ಹಾಕಿದೆ. ಜಸ್ಟಿನಿಯನ್ ಕೇಳಿದ ಪ್ರಶ್ನೆಯನ್ನೇ ಇದೂ ಕೇಳುತ್ತದೆ.

ಆಂಧ್ರ ಮತ್ತು ಮಹಾರಾಷ್ಟ್ರದ ಕಾಯ್ದೆಗಳಲ್ಲಿ ಇನ್ನೊಂದು ಹೆಜ್ಜೆ ಇತ್ತು. ದೂರು ಬಂದ ಮೇಲೂ ಸಂಸ್ಥೆಯ ಮುಖ್ಯಸ್ಥರು ಕ್ರಮ ಕೈಗೊಳ್ಳದಿದ್ದರೆ ಅವರೇ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟಂತೆ. ಸುಪ್ರೀಂ ಕೋರ್ಟ್ 2001ರ ಮೇ ತಿಂಗಳಲ್ಲಿ ವಿಶ್ವ ಜಾಗೃತಿ ಮಿಷನ್‌ನ ಅರ್ಜಿಯ ಮೇಲೆ ಕೊಟ್ಟ ಆದೇಶವೂ ಅದೇ ದಿಕ್ಕಿನದು: ರ‍್ಯಾಗಿಂಗ್ ತಡೆಯದಿರುವುದು ಆಡಳಿತ ಮಂಡಳಿ, ಪ್ರಾಂಶುಪಾಲ, ವಾರ್ಡನ್ ಇವರ ನಿರ್ಲಕ್ಷ್ಯವೆಂದು ಪರಿಗಣಿಸತಕ್ಕದ್ದು. ಆದರೆ ಪೊಲೀಸರನ್ನು ಕ್ಯಾಂಪಸ್ಸಿನ ಒಳಗೆ ಕರೆಯುವುದು ಕೊನೆಯ ದಾರಿಯಾಗಲಿ ಎಂಬ ಹಿಂಜರಿಕೆಯೂ ಆ ಆದೇಶದಲ್ಲಿತ್ತು. ಹುಡುಗರ ಭವಿಷ್ಯ ಹಾಳಾಗಬಾರದು ಎಂಬ ಕಾಳಜಿ ಅದು. ಆ ಹಿಂಜರಿಕೆಯ ನೆರಳಿನಲ್ಲಿ ಅನೇಕ ಸಂಸ್ಥೆಗಳು ದೂರುಗಳನ್ನು ಒಳಗೊಳಗೇ ಮುಗಿಸಿಬಿಡುತ್ತಿದ್ದವು. ಮನೆಯ ಮಾತು ಬೀದಿಗೆ ಬರಬಾರದು.

2006ರಲ್ಲಿ ಕೋರ್ಟ್ ಸಿಬಿಐ ನಿವೃತ್ತ ನಿರ್ದೇಶಕ ಆರ್.ಕೆ. ರಾಘವನ್ ಅವರ ನೇತೃತ್ವದಲ್ಲಿ ಸಮಿತಿ ರಚಿಸಲು ಹೇಳಿತು. ವರದಿ ಬಂದ ಮೇಲೆ 2007ರ ಮೇ 16ರ ಆದೇಶದಲ್ಲಿ ಆ ಹಿಂಜರಿಕೆ ಇಲ್ಲ. ಸಂಸ್ಥೆಯ ಕ್ರಮದಿಂದ ನೊಂದ ವಿದ್ಯಾರ್ಥಿಗೋ ಹೆತ್ತವರಿಗೋ ಸಮಾಧಾನವಾಗದಿದ್ದರೆ ಸಂಸ್ಥೆಯೇ ಎಫ್‌ಐಆರ್ ದಾಖಲಿಸಬೇಕು. ತಡಮಾಡಿದರೆ ಅದು ಶಿಕ್ಷಾರ್ಹ ನಿರ್ಲಕ್ಷ್ಯ.

ಎರಡು ವರ್ಷವೂ ಕಳೆದಿರಲಿಲ್ಲ. 2009ರ ಮಾರ್ಚ್ 8ರಂದು ಹಿಮಾಚಲ ಪ್ರದೇಶದ ಕಾಂಗ್ರಾ ಜಿಲ್ಲೆಯ ಟಾಂಡಾದಲ್ಲಿ, ಡಾ. ರಾಜೇಂದ್ರ ಪ್ರಸಾದ್ ವೈದ್ಯಕೀಯ ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿ, 19 ವರ್ಷದ ಅಮನ್ ಕಾಚ್ರೂ, ಕುಡಿದಿದ್ದ ಹಿರಿಯ ವಿದ್ಯಾರ್ಥಿಗಳ ಹೊಡೆತದಿಂದ ತೀರಿಕೊಂಡ. ನಾಲ್ವರಿಗೆ 2010ರಲ್ಲಿ ನಾಲ್ಕು ವರ್ಷಗಳ ಸಜೆಯಾಯಿತು. ಅಮನ್‌ನ ತಂದೆ ರಾಜೇಂದ್ರ ಕಾಚ್ರೂ ಮಗನನ್ನು ಕೊಂದವರ ಶಿಕ್ಷೆಗೆ ತಮ್ಮ ಹೋರಾಟವನ್ನು ಮುಗಿಸಲಿಲ್ಲ. ಹೊಸ ವಿದ್ಯಾರ್ಥಿ ತನ್ನ ಕಾಲೇಜಿನ ಯಾರನ್ನೂ ನಂಬಲಾಗದ ಹೊತ್ತಿನಲ್ಲಿ ಹೊರಗಿನವರೊಬ್ಬರಿಗೆ ಫೋನ್ ಮಾಡುವಂತಿರಬೇಕು ಎಂಬುದು ಅವರ ಪಟ್ಟು. 1800-180-5522 ಎಂಬ ರಾಷ್ಟ್ರೀಯ ಸಹಾಯವಾಣಿ ಹುಟ್ಟಿದ್ದು ಹೀಗೆ. ಹಲವು ವರ್ಷ ಅದರ ಮೇಲ್ವಿಚಾರಣೆಯಲ್ಲಿ ಅವರು ಕಟ್ಟಿದ ಸಂಸ್ಥೆಯೂ ಕೈಜೋಡಿಸಿತು.

ನಿಯಮ ಮತ್ತು ಕೋಣೆ

ಆ ವರ್ಷವೇ ವಿಶ್ವವಿದ್ಯಾಲಯ ಅನುದಾನ ಆಯೋಗ, ಯುಜಿಸಿ, ರ‍್ಯಾಗಿಂಗ್ ತಡೆ ನಿಯಮಾವಳಿ ಹೊರಡಿಸಿತು. ಮುಚ್ಚಳಿಕೆ ಪತ್ರವೆಂದರೆ ಎಲ್ಲರಿಗೂ ಗೊತ್ತು. ಅದರಾಚೆ ಆ ನಿಯಮಾವಳಿಯಲ್ಲಿ ಏನಿದೆ ಎಂದು ಓದಿದವರು ಕಡಿಮೆ. ಅಪರಾಧ ನಡೆದಿದೆ ಎಂದು ಕಂಡರೆ ಮಾಹಿತಿ ಬಂದ 24 ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರು ಎಫ್‌ಐಆರ್ ದಾಖಲಿಸಬೇಕು. ಹೊಸಬರಿಗೆ ಸಾಧ್ಯವಾದಷ್ಟೂ ಪ್ರತ್ಯೇಕ ವಸತಿ ಇರಬೇಕು. ಆರು ಮಂದಿ ಹೊಸಬರಿಗೆ ಒಬ್ಬ ಹಿರಿಯ ವಿದ್ಯಾರ್ಥಿ ಮಾರ್ಗದರ್ಶಿ, ಅಂಥ ಆರು ಮಂದಿಗೆ ಅವರಿಗಿಂತ ಹಿರಿಯನೊಬ್ಬ. ಮೊದಲ ಮೂರು ತಿಂಗಳು, ಎರಡು ವಾರಕ್ಕೊಮ್ಮೆ, ಹೊಸಬರಲ್ಲಿ ಹೆಸರಿಲ್ಲದ ಸಮೀಕ್ಷೆ ನಡೆಸಬೇಕು. ನೊಂದವನು ತಾನಾಗಿ ಬಂದು ದೂರು ಕೊಡುವುದಿಲ್ಲ, ಹೋಗಿ ಕೇಳಬೇಕು ಎಂಬ ಅರಿವು ಈ ಕೊನೆಯ ನಿಯಮದ ಹಿಂದಿದೆ.

ಕಾಗದದ ಮೇಲೆ ಇಷ್ಟೆಲ್ಲ ಇದ್ದೂ 2023ರ ಆಗಸ್ಟಿನಲ್ಲಿ ಕೋಲ್ಕತ್ತದ ಜಾಧವ್‌ಪುರ ವಿಶ್ವವಿದ್ಯಾಲಯದ ಹಾಸ್ಟೆಲಿನ ಮೇಲಿನ ಮಹಡಿಯಿಂದ ಬಿದ್ದು ಮೊದಲ ವರ್ಷದ ವಿದ್ಯಾರ್ಥಿಯೊಬ್ಬ ತೀರಿಕೊಂಡ. ಅವನು ಬಂದು ಕೆಲವೇ ದಿನಗಳಾಗಿದ್ದವು. ಉಳಿದಿದ್ದುದು ಹಿರಿಯರ ಹಾಸ್ಟೆಲಿನಲ್ಲಿ. ಪೊಲೀಸರು ಮೊದಲು ಬಂಧಿಸಿದ್ದು ಓದು ಮುಗಿದ ಮೇಲೂ ಅಲ್ಲೇ ಬೀಡುಬಿಟ್ಟಿದ್ದ ಹಳೆಯ ವಿದ್ಯಾರ್ಥಿಯನ್ನು. ಇಲ್ಲಿ ನಿಯಮದ ಕೊರತೆ ಇರಲಿಲ್ಲ. ಯಾವ ಕೋಣೆಯಲ್ಲಿ ಯಾರಿದ್ದಾರೆ ಎಂದು ನೋಡುವ ಕೆಲಸ ನಡೆದಿರಲಿಲ್ಲ. ಬಹಳಷ್ಟು ಹಾಸ್ಟೆಲುಗಳಲ್ಲಿ ಕೋಣೆ ಹಂಚುವುದು, ಮೆಸ್ ನಡೆಸುವುದು, ಜಗಳ ಬಿಡಿಸುವುದು ಎಲ್ಲವೂ ಹಿರಿಯ ವಿದ್ಯಾರ್ಥಿಗಳ ಕೈಯಲ್ಲಿರುತ್ತದೆ. ಆಡಳಿತಕ್ಕೆ ಇದು ಅನುಕೂಲ. ಮೆಕ್‌ಆರ್ಥರ್ ಕೈ ಹಾಕಿದ್ದು ಈ ಅನುಕೂಲಕ್ಕೆ. ವಿರೋಧ ಬಂದದ್ದೂ ಇದಕ್ಕೇ.

ಇನ್ನೊಂದು ಸಂಗತಿ ಭಾರತದ್ದೇ. ಹೊಸಬನನ್ನು ನಿಲ್ಲಿಸಿಕೊಂಡು ಕೇಳುವ ಮೊದಲ ಪ್ರಶ್ನೆಗಳು ಹೆಸರು, ಊರು, ರ‍್ಯಾಂಕ್. ಈ ಮೂರರಲ್ಲಿ ಜಾತಿ ಹೊರಬೀಳುತ್ತದೆ. ದೆಹಲಿಯ ಏಮ್ಸ್‌ನಲ್ಲಿ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳ ಸ್ಥಿತಿಯನ್ನು ನೋಡಿದ ಸುಖದೇವ್ ಥೋರಟ್ ಸಮಿತಿ 2007ರ ವರದಿಯಲ್ಲಿ, ಕಿರುಕುಳದ ಒತ್ತಡಕ್ಕೆ ಅವರು ಕೋಣೆ ಬದಲಿಸುತ್ತ ಹೋಗಿ ಹಾಸ್ಟೆಲಿನ ಕೆಲವೇ ಮಹಡಿಗಳಲ್ಲಿ ಒಟ್ಟುಗೂಡಿದ್ದನ್ನು ದಾಖಲಿಸಿತು. 'ಎಲ್ಲರಿಗೂ ಮಾಡುತ್ತೇವೆ' ಎಂಬ ಹಿರಿಯರ ಸಮಜಾಯಿಷಿ ಇಲ್ಲಿ ಸುಳ್ಳಾಗುತ್ತದೆ. ಉಳಿದವರಿಗೆ ಒಂದು ವರ್ಷದಲ್ಲಿ ಮುಗಿಯುವ ಶಾಸ್ತ್ರ ಇವರಿಗೆ ಓದು ಮುಗಿಯುವ ತನಕ ಮುಗಿಯುವುದಿಲ್ಲ. 2016ರಲ್ಲಿ ಯುಜಿಸಿ ತನ್ನ ವ್ಯಾಖ್ಯೆಯನ್ನು ತಿದ್ದಿ ಜಾತಿ, ಧರ್ಮ, ಬಣ್ಣ, ಜನಾಂಗ, ಭಾಷೆ, ಹುಟ್ಟಿದ ಪ್ರದೇಶ, ಲೈಂಗಿಕ ಒಲವು, ಆರ್ಥಿಕ ಹಿನ್ನೆಲೆ ಇಂಥವುಗಳನ್ನು ಹಿಡಿದು ನಡೆಯುವ ದೈಹಿಕ, ಮಾನಸಿಕ ಹಿಂಸೆಯೂ ರ‍್ಯಾಗಿಂಗ್ ಎಂದು ಬಿಡಿಸಿ ಸೇರಿಸಿತು. ಭಾಷೆ ಮತ್ತು ಪ್ರದೇಶ ಸೇರಿದ್ದು ಕರ್ನಾಟಕಕ್ಕೆ ಎರಡು ಕಡೆಯಿಂದ ಸಂಬಂಧಿಸಿದ ಮಾತು. ಮಣಿಪಾಲ, ದಾವಣಗೆರೆ, ಬೆಳಗಾವಿ, ಬೆಂಗಳೂರಿನ ಕಾಲೇಜುಗಳಿಗೆ ದೇಶದ ಎಲ್ಲ ಮೂಲೆಗಳಿಂದ ಮಕ್ಕಳು ಬರುತ್ತಾರೆ. ಕನ್ನಡದ ಮಕ್ಕಳು ಪುಣೆ, ದೆಹಲಿ, ಚೆನ್ನೈಗೆ ಹೋಗುತ್ತಾರೆ. ಭಾಷೆ ಬಾರದ ಊರಿನಲ್ಲಿ ಮೊದಲ ವಾರ ಒಂಟಿಯಾಗಿರುವವನೇ ಇಂಥ ಗುಂಪುಗಳ ಕೈಗೆ ಸುಲಭವಾಗಿ ಸಿಗುವವನು.

ಹೊಸಬನನ್ನು ಗುಂಪಿಗೆ ಸೇರಿಸಿಕೊಳ್ಳಲು ಏನಾದರೂ ಒಂದು ವಿಧಿ ಬೇಕು ಎಂಬ ವಾದವನ್ನು ಪೂರ್ತಿ ತಳ್ಳಿಹಾಕಲಾಗದು. ಹದಿನೆಂಟರ ಹುಡುಗನಿಗೋ ಹುಡುಗಿಗೋ ತನ್ನವರೆನ್ನುವ ಗುಂಪು ಬೇಕು. ಆ ಹಸಿವಿನಿಂದಲೇ ಎಷ್ಟೋ ಮಂದಿ ಅವಮಾನವನ್ನು ನುಂಗಿಕೊಳ್ಳುತ್ತಾರೆ, ನಗುತ್ತ ಒಪ್ಪಿಕೊಂಡಂತೆ ಕಾಣುತ್ತಾರೆ. ಆ ನಗುವನ್ನು ಒಪ್ಪಿಗೆ ಎಂದು ಓದುವುದು ತಪ್ಪು. ಬೇಡ ಎನ್ನಲು ಅವಕಾಶವಿಲ್ಲದ ಕಡೆ ಹೂಂ ಎನ್ನುವುದಕ್ಕೂ ಅರ್ಥವಿಲ್ಲ. ಒಬ್ಬ ಹಿರಿಯನಿಗೆ ಆರು ಮಂದಿ ಹೊಸಬರನ್ನು ಒಪ್ಪಿಸುವ ನಿಯಮ ಈ ಹಸಿವಿಗೇ ಬೇರೊಂದು ಉತ್ತರ. ಹಿರಿಯನಾದ ಮೇಲೆ ಬರುವ ಹೆಮ್ಮೆಗೂ ಅಲ್ಲಿ ಜಾಗವಿದೆ. ಮೆಸ್ಸಿನ ದಾರಿ ತೋರಿಸುವುದರಲ್ಲಿ, ಹಳೆಯ ಪುಸ್ತಕ ಕೊಡುವುದರಲ್ಲಿ, ಯಾವ ಮೇಷ್ಟರ ಪಾಠ ತಪ್ಪಿಸಬಾರದು ಎಂದು ಹೇಳುವುದರಲ್ಲಿ ಅದು ತೀರುತ್ತದೆ.

ಮಗನನ್ನೋ ಮಗಳನ್ನೋ ದೂರದ ಹಾಸ್ಟೆಲಿಗೆ ಬಿಡಲು ಹೋದ ತಂದೆತಾಯಿ ಸಾಮಾನ್ಯವಾಗಿ ಕೇಳುವುದು 'ಇಲ್ಲಿ ರ‍್ಯಾಗಿಂಗ್ ಇದೆಯೇ' ಎಂದು. ಇಲ್ಲ ಎಂಬ ಉತ್ತರ ಎಲ್ಲೆಡೆಯೂ ಸಿದ್ಧವಿರುತ್ತದೆ. ಈ ಚರಿತ್ರೆ ಕಲಿಸುವ ಪ್ರಶ್ನೆಗಳು ಬೇರೆ. ಹೊಸಬರ ಕೋಣೆಗಳನ್ನು ಹಂಚುವವರು ಯಾರು? ರಾತ್ರಿ ಹತ್ತರ ಮೇಲೆ ಆ ಮಹಡಿಯಲ್ಲಿ ಯಾವ ಅಧ್ಯಾಪಕರು ಇರುತ್ತಾರೆ? ಕಳೆದ ವರ್ಷ ಎಷ್ಟು ದೂರು ಬಂದವು, ಅವು ಏನಾದವು? ಒಂದೂ ದೂರು ಬಂದಿಲ್ಲ ಎಂದರೆ, ಹೆಸರಿಲ್ಲದ ಆ ಸಮೀಕ್ಷೆ ನಡೆಯಿತೇ? ಉತ್ತರದಲ್ಲಿ ಒಬ್ಬ ಮನುಷ್ಯನ ಹೆಸರು ಬಂದರೆ ಅಲ್ಲಿ ಹೊಣೆ ಹೊತ್ತವರು ಇದ್ದಾರೆ ಎಂದರ್ಥ. 'ಕಮಿಟಿ ಇದೆ' ಎಂದಷ್ಟೇ ಬಂದರೆ ಇನ್ನೊಂದು ಸಲ ಕೇಳಬೇಕು.

ಹದಿನೈದು ಶತಮಾನಗಳ ಹಿಂದೆ ಬೆರಿಟಸ್‌ನ ವಿಷಯದಲ್ಲಿ ಜಸ್ಟಿನಿಯನ್ ಆಡಳಿತಗಾರ, ಬಿಷಪ್, ಅಧ್ಯಾಪಕ ಎಂದು ಹೊಣೆಗಾರರನ್ನು ಹೆಸರಿಸಿದ್ದು ಇದೇ ಕಾರಣಕ್ಕೆ. ಎರಡು ಕಾಸಿನವನು ಎಂಬ ಹೆಸರನ್ನು ಹೊಸಬನಿಂದ ಕಿತ್ತು ತನ್ನ ಹೆಸರನ್ನು ಕೊಟ್ಟದ್ದೂ ಇದಕ್ಕೇ. ಹೊಸದಾಗಿ ಬಂದವನು ಕಾಡುಪ್ರಾಣಿಯಲ್ಲ, ಮುರಿಯಲು ಅವನಿಗೆ ಕೊಂಬೂ ಇಲ್ಲ.